ಅಭಾವವೂ ಸಂಯಮವೂ

1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾನಂದ ಸಾಗರರ ‘ರಾಮಾಯಣ’ ಪ್ರಸಾರವಾಗುತ್ತಿದ್ದಾಗ, ಟಿ.ವಿ. ಇದ್ದ ಮನೆಯ ನಡುಮನೆ ಓಣಿಯ ಸೊತ್ತಾಗುತ್ತಿತ್ತು. ಹಿರಿಯರು ಕುರ್ಚಿಯಲ್ಲಿ, ನೆರೆಮನೆಯ ಮಕ್ಕಳು ಚಾಪೆಯ ಮೇಲೆ. ಮಾಳಿಗೆಯೇರಿ ಆಂಟೆನಾ ತಿರುಗಿಸುವವನೊಬ್ಬ, ‘ಬಂತು, ಬಂತು’ ಎಂದು ಕಿಟಕಿಯಿಂದ ಕೂಗುವವನೊಬ್ಬ. ಆ ದಿನಗಳನ್ನು ನೆನೆಯುವವರು, ಆಗ ಜನರಲ್ಲಿ ಸಂಯಮವಿತ್ತು, ಹಂಚಿಕೊಳ್ಳುವ ಗುಣವಿತ್ತು ಎನ್ನುತ್ತಾರೆ. ಈ ಮಾತು ವಿಚಾರಾರ್ಹವಾದುದು.

ಬಹುತೇಕ ಊರುಗಳಲ್ಲಿ ಇದ್ದದ್ದು ಒಂದೇ ವಾಹಿನಿ. ಟಿ.ವಿ.ಯನ್ನು ಆರಿಸುತ್ತಿದ್ದುದು ಪ್ರಸಾರ ಮುಗಿದ ಮೇಲೆಯೇ. ಮನೆಯಲ್ಲಿ ಅಕ್ಕಿಯಿಲ್ಲದ ದಿನ ಉಣ್ಣದಿರುವುದನ್ನು ಉಪವಾಸವೆಂದು ಯಾರೂ ಕರೆಯರು.

ಹಂಚಿಕೆಯ ವಿಷಯ ಬೇರೆ. ಬಾಗಿಲು ತೆರೆಯಲೇಬೇಕೆಂಬ ಕಟ್ಟುಪಾಡೇನೂ ಇರಲಿಲ್ಲ. ತೆರೆದವರದು ನಿಜವಾದ ಔದಾರ್ಯವೇ. ಹೊಸ ವಸ್ತುವನ್ನು ತೋರಿಸುವ ಬಿಂಕವೂ ತುಸು ಬೆರೆತಿದ್ದೀತು, ಇರಲಿ. ಚಾಪೆಯ ಮೇಲಿನ ಮಗುವಿಗೆ ಮಾತ್ರ ‘ನೆಂಟರು ಬಂದಿದ್ದಾರೆ, ಮುಂದಿನ ವಾರ ಬಾ’ ಎಂಬ ಮಾತಿನ ಅಳುಕು ತಪ್ಪಿದ್ದಲ್ಲ. ಇಂದು ಆ ಕಾಲವನ್ನು ಹೊಗಳುವವರಲ್ಲಿ ಕುರ್ಚಿಯವರ ನೆನಪೇ ಹೆಚ್ಚು ಕೇಳಿಬರುತ್ತದೆ.

2020ರ ಮಾರ್ಚ್ ಕೊನೆಯಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಅದೇ ಧಾರಾವಾಹಿ ಮರುಪ್ರಸಾರವಾಯಿತು. ಕೋಟ್ಯಂತರ ಜನ ನೋಡಿದರು. ನೆರೆಯವರನ್ನು ಒಳಗೆ ಕರೆಯುವಂತಿರಲಿಲ್ಲ. ಕರೆಯುವ ಅಗತ್ಯವೂ ಹೆಚ್ಚಿನೆಡೆ ಉಳಿದಿರಲಿಲ್ಲ, ಅವರ ಮನೆಯಲ್ಲಿಯೂ ಟಿ.ವಿ. ಇತ್ತು.