ರಟ್ಟಿನ ಮರೆ ಯಾರಿಗಾಗಿ?

2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ತಮಿಳುನಾಡು ಮತ ಹಾಕಿದ್ದು ಏಪ್ರಿಲ್ 19ರ ಶುಕ್ರವಾರ. ಆ ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ಯುವಕನೊಬ್ಬ ದೇವಾಲಯದ ಅಂಗಳದಲ್ಲಿ ನನ್ನನ್ನು ತಡೆದು ನಿಲ್ಲಿಸಿದ. ಫೋನ್ ಹಿಡಿದು ಮತಗಟ್ಟೆಗೆ ಹೋದವನನ್ನು ಬಾಗಿಲಲ್ಲೇ ವಾಪಸ್ ಕಳಿಸಿದ್ದರಂತೆ. ಅವನದು ಮೊದಲ ಮತ, ಒಂದು ಫೋಟೊ ತೆಗೆದಿಟ್ಟುಕೊಳ್ಳುವ ಆಸೆ. “ಮತ ನನ್ನದು, ಫೋನೂ ನನ್ನದು. ಯಾರಿಗೆ ಹಾಕಿದೆ ಅಂತ ನಾನೇ ತೋರಿಸಿದರೆ ಬೇರೆಯವರಿಗೇನು ನಷ್ಟ ಮೇಷ್ಟ್ರೇ?” ಎಂದ. “ಕಾನೂನು ಹಾಗಿದೆಯಪ್ಪಾ” ಎಂದು ಹೇಳಿ ಬಂದುಬಿಟ್ಟೆ. ಅದು ಉತ್ತರವಾಗಿರಲಿಲ್ಲ. ಅವನು ಕೇಳಿದ್ದು ಕಾನೂನನ್ನಲ್ಲ, ಅದರ ನ್ಯಾಯವನ್ನು.

ಕಾನೂನು ಇಷ್ಟು: ಮತಗಟ್ಟೆಯೊಳಗೆ ಮತದಾರರು ಫೋನ್ ಬಳಸುವಂತಿಲ್ಲ. ತಾವು ಒತ್ತಿದ ಗುಂಡಿಯನ್ನಾಗಲಿ, ವಿವಿಪ್ಯಾಟ್ ಗಾಜಿನ ಹಿಂದೆ ಏಳು ಸೆಕೆಂಡು ಕಾಣುವ ಚೀಟಿಯನ್ನಾಗಲಿ ಚಿತ್ರ ತೆಗೆಯುವಂತಿಲ್ಲ. ಫೋನನ್ನು ಆಫ್ ಮಾಡಿ ತಂದು ಬಾಗಿಲ ಬಳಿ ಒಪ್ಪಿಸಿ ಒಳಗೆ ಹೋಗುವ ಏರ್ಪಾಡನ್ನು ಚುನಾವಣಾ ಆಯೋಗ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಒಳಗಿನ ನಿಷೇಧ ಮಾತ್ರ ಸಡಿಲವಾಗಿಲ್ಲ. ಇನ್ನು, ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಯಾರನ್ನೂ ಒತ್ತಾಯಿಸಬಾರದೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಮು ಹೇಳುತ್ತದೆ. ಆದರೆ ನಾವಾಗಿಯೇ ಮನೆಯಲ್ಲಿ, ಟೀ ಅಂಗಡಿಯಲ್ಲಿ “ಇಂಥವರಿಗೆ ಹಾಕಿದೆ” ಎಂದರೆ ಯಾರೂ ಹಿಡಿಯುವುದಿಲ್ಲ. ಹಾಗಾದರೆ ಬಾಯಲ್ಲಿ ಹೇಳಬಹುದಾದದ್ದನ್ನು ಚಿತ್ರದಲ್ಲಿ ತೋರಿಸಿದರೆ ತಪ್ಪೇನು?

ತಪ್ಪು ಇರುವುದು ಹೇಳುವುದಕ್ಕೂ ರುಜುವಾತು ಕೊಡುವುದಕ್ಕೂ ಇರುವ ವ್ಯತ್ಯಾಸದಲ್ಲಿ. ಬಾಯಿಮಾತು ನಿಜವೂ ಆಗಬಹುದು, ಸುಳ್ಳೂ ಆಗಬಹುದು. ಫೋಟೊ ಹಾಗಲ್ಲ, ಅದು ರಸೀದಿ. ಹಣ ಕೊಟ್ಟವನಿಗೆ ಬೇಕಾದದ್ದು ರಸೀದಿಯೇ. ಹಣದ ಹಾವಳಿ ನಮಗೆ ದೂರದ ಮಾತಲ್ಲ. 2016ರಲ್ಲಿ ಅರವಕುರಿಚಿ ಮತ್ತು ತಂಜಾವೂರು, 2017ರಲ್ಲಿ ಚೆನ್ನೈನ ಆರ್.ಕೆ. ನಗರ, 2019ರಲ್ಲಿ ವೇಲೂರು, ಇಲ್ಲೆಲ್ಲ ಹಣ ಹಂಚಿಕೆಯ ಕಾರಣಕ್ಕೆ ಮತದಾನವೇ ರದ್ದಾಗಿತ್ತು. ಹಣ ತೆಗೆದುಕೊಳ್ಳುವುದು ತಪ್ಪೇ. ಆದರೂ ಬಡತನಕ್ಕೋ ಹೆದರಿಕೆಗೋ ಕೈ ಚಾಚಿದವನಿಗೂ ಮರೆಯ ಹಿಂದೆ ಆತ್ಮಸಾಕ್ಷಿಗೆ ಮರಳಲು ಒಂದು ಕ್ಷಣ ಸಿಗುತ್ತದೆ. ಫೋಟೊ ತೋರಿಸಲೇಬೇಕಾದರೆ ಆ ಕ್ಷಣವೂ ಹೋಯಿತು.

“ನಾನು ಹಣ ತೆಗೆದುಕೊಂಡಿಲ್ಲವಲ್ಲ” ಎಂದು ಆ ಯುವಕ ಕೇಳಿಯಾನು. ನಿಜ. ಆದರೆ ಒಂದು ಮನೆಯಲ್ಲಿ ಐದು ಮತಗಳಿವೆ ಎಂದುಕೊಳ್ಳಿ. ನಾಲ್ವರು ಸಂತೋಷದಿಂದ ಫೋಟೊ ತೋರಿಸಿದರು. ಐದನೆಯವಳು, ಆ ಮನೆಯ ಸೊಸೆ, ತೋರಿಸಲಿಲ್ಲ. ಅವಳು ಬಾಯಿ ಬಿಡದೆಯೇ ಉತ್ತರ ಕೊಟ್ಟಂತಾಯಿತು. ತೋಟದ ಕೂಲಿಯವರ ಸಾಲಿನಲ್ಲೂ ಹೀಗೆಯೇ. ಎಲ್ಲರೂ ಮರೆಯಲ್ಲಿದ್ದಾಗ ಮಾತ್ರ ಒಬ್ಬರಿಗೆ ಮರೆ. ನಮ್ಮಂಥ ಚಿಕ್ಕ ಸಮುದಾಯಕ್ಕೆ ಇದು ಇನ್ನೂ ಹತ್ತಿರದ ಮಾತು. ಪ್ರತಿ ಮತಗಟ್ಟೆಯ ಲೆಕ್ಕ ಬೇರೆಬೇರೆಯಾಗಿ ಪ್ರಕಟವಾಗುವುದರಿಂದ, ಯಾವ ಕೇರಿ ಯಾವ ಕಡೆಗೆ ವಾಲಿತೆಂದು ಊಹಿಸುವುದು ಈಗಲೇ ಕಷ್ಟವಲ್ಲ. ಉಳಿದಿರುವುದು ಒಬ್ಬೊಬ್ಬರ ಗುಟ್ಟು ಮಾತ್ರ.

ಕೊರಿಂಥದ ಸಭೆಯಲ್ಲಿ ಇಂಥದೇ ಪ್ರಶ್ನೆ ಎದ್ದಿತ್ತು. ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ? ತಿಳಿದವನಿಗೆ ಅದರಿಂದ ದೋಷವಿಲ್ಲ ಎಂದು ಸಂತ ಪೌಲರು ಒಪ್ಪುತ್ತಾರೆ. ಆದರೆ ನನ್ನ ಸ್ವಾತಂತ್ರ್ಯ ದುರ್ಬಲ ಸಹೋದರನ ಎಡವುಗಲ್ಲಾಗುವುದಾದರೆ ಮಾಂಸವನ್ನೇ ಬಿಟ್ಟೇನು ಎನ್ನುತ್ತಾರೆ. ಬಲವಿದ್ದವನು ಬಿಟ್ಟುಕೊಟ್ಟಾಗಲೇ ಬಲವಿಲ್ಲದವನಿಗೆ ರಕ್ಷಣೆ. ಫೋನನ್ನು ಬಾಗಿಲಲ್ಲಿ ಒಪ್ಪಿಸುವ ಯುವಕ ಮಾಡುವುದೂ ಅದನ್ನೇ. ಅವನಿಗೆ ಯಾರ ಭಯವೂ ಇಲ್ಲ. ಭಯವಿರುವವರಿಗಾಗಿ ಅವನು ಬಿಟ್ಟುಕೊಡುತ್ತಾನೆ.

ಧರ್ಮಸಭೆ ತನ್ನವರಿಗೂ ಇದೇ ನಿಯಮವಿಟ್ಟಿದೆ. ಮತ ಸಿಂಧುವಾಗಬೇಕಾದರೆ ಅದು ಸ್ವತಂತ್ರವೂ ಗುಪ್ತವೂ ಆಗಿರಬೇಕೆಂದು 1983ರ ಧರ್ಮಸಭಾ ಕಾನೂನು ಸಂಹಿತೆಯ 172ನೇ ವಿಧಿ ಹೇಳುತ್ತದೆ. ಹೊಸ ಪೋಪರ ಆಯ್ಕೆಗೆ ಕೂಡುವ ಕಾರ್ಡಿನಲರು ಕೈಬರಹದ ಗುರುತು ಸಿಗದಂತೆ ಹೆಸರು ಬರೆಯಬೇಕು. 2025ರ ಮೇ ತಿಂಗಳಲ್ಲಿ ಜಗದ್ಗುರು ಹದಿನಾಲ್ಕನೇ ಲಿಯೋ ಅವರ ಆಯ್ಕೆಯ ಹೊತ್ತಿಗೆ ಅವರೆಲ್ಲರೂ ಫೋನ್ ಒಪ್ಪಿಸಿಯೇ ಒಳಗೆ ಹೋಗಿದ್ದರು. ಅದನ್ನು ಯಾರೂ ಅವಮಾನವೆಂದುಕೊಳ್ಳಲಿಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ತೂಕವಿದೆ. ಯಂತ್ರವೇ ತಪ್ಪು ಚೀಟಿ ತೋರಿಸಿದರೆ ಫೋನಿಲ್ಲದೆ ಸಾಕ್ಷಿ ಎಲ್ಲಿ? ಅದಕ್ಕೆ ದಾರಿಯಿದೆ: ಅಲ್ಲೇ ಮತಗಟ್ಟೆಯ ಅಧಿಕಾರಿಗೆ ಬರೆದು ದೂರು ಕೊಟ್ಟರೆ ಅವರು ಏಜೆಂಟರ ಎದುರು ಪರೀಕ್ಷಾ ಮತ ಹಾಕಿಸಿ ನೋಡಬೇಕು. ದೂರು ಸುಳ್ಳಾದರೆ ಶಿಕ್ಷೆಯುಂಟು, ಹಾಗಾಗಿ ಧೈರ್ಯ ಬೇಕು. ಫೋಟೊದಷ್ಟು ಸುಲಭವಲ್ಲ, ಒಪ್ಪುತ್ತೇನೆ. ಆದರೆ ಒಂದು ಯಂತ್ರದ ಸಂಶಯಕ್ಕಾಗಿ ಎಲ್ಲರ ಮರೆಯನ್ನೂ ಕೀಳುವುದು ನ್ಯಾಯವಲ್ಲ.

ಆ ಯುವಕನಿಗೆ ಈಗ ಹೇಳುವುದು ಇಷ್ಟೇ: ಮುಂದಿನ ಸಲ ಹೊರಗೆ ಬಂದು, ಶಾಯಿ ಹಚ್ಚಿದ ಎಡಗೈ ಬೆರಳಿನ ಫೋಟೊ ಬೇಕಾದಷ್ಟು ತೆಗೆದುಕೋ. ನೀನು ಮತ ಹಾಕಿದ್ದನ್ನು ಊರೆಲ್ಲ ನೋಡಲಿ. ಯಾರಿಗೆ ಹಾಕಿದೆ ಎಂಬುದು ಆ ರಟ್ಟಿನ ಹಿಂದೆ ನಿನಗೂ, ಮರೆಯಲ್ಲಿ ನಡೆದದ್ದನ್ನೂ ಕಾಣುವ ತಂದೆಗೂ ಗೊತ್ತಿದ್ದರೆ ಸಾಕು. ನಿನ್ನ ಹಿಂದೆ ಸಾಲಿನಲ್ಲಿ ನಿಂತವರೊಬ್ಬರಿಗೆ ಆ ಮರೆ ನಿನಗಿಂತ ಹೆಚ್ಚು ಬೇಕಾಗಿರಬಹುದು.