ಬಿಳಿ ಕಾಗೆಯನ್ನು ಕಂಡವರು

ನಮ್ಮ ಮಾತಿನಲ್ಲಿ ಬಿಳಿ ಕಾಗೆಯೆಂದರೆ ಇಲ್ಲದ ವಸ್ತು. ಆದರೆ ಬಿಳಿ ಕಾಗೆ ಇದೆ. ನಾವಿರುವ ಮಹಾನಗರಗಳಲ್ಲೂ ಆಗೊಮ್ಮೆ ಈಗೊಮ್ಮೆ ಪೂರ್ತಿ ಬೆಳ್ಳಗಿನದೋ, ರೆಕ್ಕೆಯಲ್ಲಿ ನಾಲ್ಕು ಬಿಳಿ ಗರಿಗಳಿರುವುದೋ ಒಂದು ಕಾಗೆ ಕಾಣಿಸಿಕೊಳ್ಳುತ್ತದೆ. ಕೂಡಲೇ ಮರದ ಕೆಳಗೆ ಜನ ಸೇರುತ್ತಾರೆ. ಒಬ್ಬರು ಅದನ್ನು ಹಿಮಾಲಯದ ಹಕ್ಕಿ ಎನ್ನುತ್ತಾರೆ. ಇನ್ನೊಬ್ಬರು ಕಾಗೆಗೂ ಪಾರಿವಾಳಕ್ಕೂ ಹುಟ್ಟಿದ್ದೆಂದು ತೀರ್ಮಾನಿಸುತ್ತಾರೆ. ಅದು ಪಿತೃಪಕ್ಷದಲ್ಲಿ ನಾವು ಕರೆದು ಅನ್ನವಿಡುವ ಊರ ಕಾಗೆಯೇ. ಗರಿಗೆ ಕಪ್ಪು ಕೊಡುವ ಮೆಲನಿನ್ ಎಂಬ ದ್ರವ್ಯ ಅದರ ಗರಿಗಳಿಗೆ ದೊರೆತಿಲ್ಲ, ಅಷ್ಟೆ. ಗೊರವಂಕದ ಕಥೆಯೂ ಹೀಗೆಯೇ. ಉಣ್ಣೆಯ ಕಾಟದಿಂದಲೋ, ಗರಿ ಉದುರುವ ಕಾಲದಲ್ಲೋ ಅದರ ತಲೆ ಬೋಳಾದರೆ ಹಳದಿ ಚರ್ಮ, ಕಿವಿಯ ತೂತು ಎಲ್ಲ ಕಂಡು ಪುಟ್ಟ ರಣಹದ್ದಿನಂತೆ ತೋರುತ್ತದೆ.

ಇದರಲ್ಲಿ ಧರ್ಮಾಧರ್ಮದ ಪ್ರಶ್ನೆ ಎಲ್ಲಿ ಬಂತು, ತಿಳಿಯದೆ ಆಡಿದ್ದು ಸುಳ್ಳಾದೀತೆ ಎಂದು ಓದುಗರು ಕೇಳಬಹುದು. ಆಗದು, ನಿಜ. ಆದರೆ ಬರಿಯ ಅಜ್ಞಾನವೇ ಕಾರಣವಾಗಿದ್ದರೆ ತಪ್ಪು ಎರಡು ಕಡೆಗೂ ಸಮನಾಗಿ ವಾಲಬೇಕಿತ್ತು. ನಾವು ನಾಲ್ವರ ಮುಂದೆ ಸಾರಿ ಹೇಳುವ ತಪ್ಪುಗಳು ಮಾತ್ರ ಅಪರೂಪದ ಕಡೆಗೇ ವಾಲುತ್ತವೆ. ಅಪರೂಪದ್ದನ್ನು ಕಂಡವನಿಗೆ ಒಂದು ಮರ್ಯಾದೆ ಸಿಕ್ಕುತ್ತದಲ್ಲ! ಲಾಭ ಯಾರಿಗೋ ಅವರೇ ಮೊದಲು ತಮ್ಮನ್ನು ಸಾಕ್ಷಿ ಕೇಳಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಬೇರೆಯವರು ಬಂದು ಪರೀಕ್ಷಿಸುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ.

ಬೆರಕೆ ಎನ್ನುವುದಕ್ಕಂತೂ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಅಲ್ಲಿ ನಾವು ಹಕ್ಕಿಯ ತಂದೆತಾಯಿಗಳ ಮಾತನ್ನೂ ಆಡುತ್ತಿದ್ದೇವೆ. ಮುಂಬಯಿಯ ಖಾಡಿಗಳ ಕೆಸರಿನಲ್ಲಿ ಸಣ್ಣ ಬೆಳ್ಳಕ್ಕಿಯ ಜೊತೆಗೆ ರೀಫ್ ಹೆರಾನ್ ಎಂಬ ಕಡಲಂಚಿನ ಕೊಕ್ಕರೆಯೂ ಮೇಯುತ್ತದೆ. ಬೆಳ್ಳಕ್ಕಿಯ ಕೊಕ್ಕು ತೆಳುವು, ಕಪ್ಪು. ಇದರದು ಕೊಂಚ ದಪ್ಪ. ಕಂದು ಅಥವಾ ಹಳದಿಯ ಛಾಯೆ. ಇದರಲ್ಲಿ ಬೂದು ಬಣ್ಣದ್ದೂ ಉಂಟು, ಅಚ್ಚ ಬಿಳಿಯದೂ ಉಂಟು, ಎರಡೂ ಬಣ್ಣದ ಗರಿಗಳು ಚೆದುರಿದ್ದೂ ಉಂಟು. ಈ ಚೆದುರು ಗರಿಯದನ್ನು ನೋಡಿ ಬೆರಕೆ ಎನ್ನುವುದು ಸುಲಭ. ಇವೆರಡರ ಬೆರಕೆ ಹುಟ್ಟುವುದೇ ಇಲ್ಲವೆಂದಲ್ಲ. ಆದರೆ ವಯಸ್ಸು, ಋತು, ಗರಿಯ ಸವೆತ, ಆ ಜಾತಿಯೊಳಗೇ ಇರುವ ಬಣ್ಣಭೇದ ಇವೆಲ್ಲವನ್ನೂ ನೋಡಿ ಮುಗಿಸಿದ ಮೇಲೆ ಆಡಬೇಕಾದ ಮಾತದು. ಹೊರನಾಡಿನ ನಮ್ಮ ಮಕ್ಕಳ ಕನ್ನಡವನ್ನು ಕೇಳಿ 'ಮರಾಠಿ ಬೆರಕೆ' ಎಂದು ತೀರ್ಪು ಕೊಡುವ ನೆಂಟರಿದ್ದಾರೆ. ಎಷ್ಟೋ ಸಲ ಆ ಮಾತು ಧಾರವಾಡದ ಕಡೆಯ ಅಜ್ಜಿಯ ಬಾಯಿಂದಲೇ ಬಂದಿರುತ್ತದೆ.

ತಪ್ಪು ಹೆಸರಿನಿಂದ ಹಕ್ಕಿಗೇನು ನಷ್ಟ ಎನ್ನುವವರಿಗೆ ಒಂದು ಗೂಬೆಯ ಕಥೆ ಹೇಳಬೇಕು. ಬುಡಬುಡಿಕೆಯವನು ಶಕುನ ಹೇಳುವ ಹಾಲಕ್ಕಿ ನಮಗೆಲ್ಲ ಗೊತ್ತು. ಅದನ್ನೇ ಹೋಲುವ, ಆದರೆ ನೆತ್ತಿಯಲ್ಲಿ ಚುಕ್ಕೆಗಳು ತೀರ ಕಡಿಮೆಯಿರುವ, ಹಗಲಿನಲ್ಲೂ ಓಡಾಡುವ ಒಂದು ಕಾಡುಗೂಬೆ ಮಧ್ಯಭಾರತದಲ್ಲಿದೆ. ಫಾರೆಸ್ಟ್ ಔಲೆಟ್ ಎಂದು ಅದರ ಹೆಸರು. ಎ. ಓ. ಹ್ಯೂಮ್ 1873ರಲ್ಲಿ ಅದನ್ನು ವರ್ಣಿಸಿದರು. 1884ರ ನಂತರ ಅದು ಸಿಗಲಿಲ್ಲ. ಆದರೆ 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಹಿಡಿದದ್ದೆಂದು ಚೀಟಿ ಕಟ್ಟಿದ ಒಂದು ಮಾದರಿ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿತ್ತು. ಕೊಟ್ಟವರು ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್, ಹೆಸರಾಂತ ಪಕ್ಷಿತಜ್ಞರು. ಅನುಮಾನಿಸುವವರು ಯಾರು? ಕಡತಕ್ಕೆ ಒಮ್ಮೆ ಏರಿದ ತಾರೀಖನ್ನು ಮುಂದಿನ ಗುಮಾಸ್ತರೆಲ್ಲ ನಕಲು ಮಾಡುತ್ತಾ ಹೋಗುತ್ತಾರೆ. ಸಲೀಂ ಅಲಿಯವರೂ ಅಮೆರಿಕದ ಡಿಲ್ಲನ್ ರಿಪ್ಲೆಯವರೂ ಈ ಗೂಬೆಗಾಗಿ ಹುಡುಕಿದರು, ಕಾಣಲಿಲ್ಲ.

ಮುಂದೆ ಪಮೇಲಾ ರಾಸ್ಮುಸೆನ್ ಎಂಬ ವಿದುಷಿ ಆ ಮಾದರಿಯನ್ನು ಪರೀಕ್ಷಿಸಿದಾಗ ಅದು ಖಾನ್‌ದೇಶದಲ್ಲಿ ಜೇಮ್ಸ್ ಡೇವಿಡ್‌ಸನ್ ಎಂಬ ಅಧಿಕಾರಿ 1880ರ ದಶಕದಲ್ಲಿ ಸಂಗ್ರಹಿಸಿದ್ದು, ಕದ್ದು ಹೊಸ ಚೀಟಿ ಕಟ್ಟಿದ್ದು ಎಂದು ಬಯಲಾಯಿತು. ಆಕೆ ಮಾಂಡ್ವಿಯನ್ನು ಬಿಟ್ಟು ನಿಜವಾದ ಹಳೆಯ ಜಾಗಗಳ ಜಾಡು ಹಿಡಿದು ಹೊರಟರು. 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ, 113 ವರ್ಷಗಳ ಮೇಲೆ, ಆ ಗೂಬೆ ಮತ್ತೆ ಕಂಡಿತು. ಕಾಡು ಕಡಿಯುತ್ತಲೇ ಇದ್ದ ಆ ವರ್ಷಗಳಲ್ಲಿ ಹುಡುಕುವವರಿಗೆ ಒಂದು ಚೀಟಿ ತಪ್ಪುದಾರಿ ತೋರುತ್ತಿತ್ತು.

ಕರ್ನಲ್ಲರದು ತಿಳಿದೂ ಮಾಡಿದ ಮೋಸ; ಮರದ ಕೆಳಗಿನ ಜನರದು ಉತ್ಸಾಹ. ಇವೆರಡನ್ನೂ ಒಂದೇ ತೂಕಕ್ಕೆ ಹಾಕುವುದು ಅನ್ಯಾಯ. ಆದರೂ ನೋಡಿದ್ದಕ್ಕಿಂತ ದೊಡ್ಡದನ್ನು ನೋಡಿದೆನೆಂದು ಹೇಳುವ ಆಸೆ ಇಬ್ಬರಿಗೂ ಒಂದೇ.

2014ರಲ್ಲಿ ಆ ಗೂಬೆ ಮುಂಬಯಿಗೆ ನೀರು ಕೊಡುವ ತಾನ್ಸಾ ಸರೋವರದ ಅಭಯಾರಣ್ಯದಲ್ಲೂ ಸಿಕ್ಕಿತು. ಹೋಗಿ ನೋಡಬಯಸುವವರು ಮೊದಲು ಕೆಲವು ಸಂಜೆಗಳನ್ನು ಹಾಲಕ್ಕಿಗೆ ಕೊಡುವುದು ಒಳ್ಳೆಯದು. ಅದರ ನೆತ್ತಿಯ ತುಂಬ ಬಿಳಿ ಚುಕ್ಕೆಗಳಿರುತ್ತವೆ. ಹಳೆಯ ಮರದ ಪೊಟರೆಯಿದ್ದರೆ ನಮ್ಮ ಬಡಾವಣೆಗಳಲ್ಲೇ ಅದು ಸಿಕ್ಕೀತು.