ದಿಗ್ವ್ರತ ಮತ್ತು ಸಾಹಸ ಪ್ರವಾಸ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅತ್ಯಂತ ಕಡಿಮೆ ಚರ್ಚೆಗೆ ಒಳಗಾಗಿರುವುದು ದಿಗ್ವ್ರತವೆಂದರೆ ತಪ್ಪಾಗಲಾರದು. ಅಹಿಂಸೆ, ಅಪರಿಗ್ರಹಗಳನ್ನು ಕುರಿತು ಪ್ರವಚನಗಳು ನಡೆಯುತ್ತವೆ. ರಾತ್ರಿಭೋಜನ ತ್ಯಾಗವನ್ನು ಕುರಿತು ಮನೆಮನೆಗಳಲ್ಲಿ ವಾದವಾಗುತ್ತದೆ. ಹತ್ತು ದಿಕ್ಕುಗಳಲ್ಲಿ ಇಂತಿಷ್ಟು ದೂರಕ್ಕೆ ಮಾತ್ರ ಹೋಗುವೆನು, ಅದರಾಚೆಗೆ ಜೀವನಪರ್ಯಂತ ಹೋಗೆನು ಎಂದು ಎಲ್ಲೆ ಹಾಕಿಕೊಳ್ಳುವ ವ್ರತ ಮಾತ್ರ ಪಟ್ಟಿಯಲ್ಲಿ ಹೆಸರಾಗಿ ಉಳಿದಿದೆ. ಇದಕ್ಕೆ ಕಾರಣವೂ ಇದೆ. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ದಾರಿಯಲ್ಲಿರುವ ನೇಸರಗಿಯಂತಹ ಊರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಹಿರಿಯನಿಗೆ ಬೈಲಹೊಂಗಲದ ಪೇಟೆ, ಬೆಳಗಾವಿಯ ಕಚೇರಿ, ಸ್ತವನಿಧಿಯ ಯಾತ್ರೆ, ಬದುಕಿನಲ್ಲೊಮ್ಮೆ ಶ್ರವಣಬೆಳಗೊಳ ಅಥವಾ ಸಮ್ಮೇದ ಶಿಖರ್ಜಿ, ಇಷ್ಟೇ ಜಗತ್ತು. ಅಂಥವನು ಭಾರತದ ಗಡಿಯಾಚೆಗೆ ಹೋಗುವುದಿಲ್ಲವೆಂದು ಮುನಿಗಳ ಸನ್ನಿಧಿಯಲ್ಲಿ ನಿಯಮ ಸ್ವೀಕರಿಸಿದರೆ ಅವನು ಕಳೆದುಕೊಳ್ಳುವುದೇನೂ ಇರಲಿಲ್ಲ. ವ್ರತವಿತ್ತು, ಅದನ್ನು ಪರೀಕ್ಷಿಸುವ ಸಂದರ್ಭವಿರಲಿಲ್ಲ.

ಸಂದರ್ಭ ಈಗ ಬಂದಿದೆ. ನೇಸರಗಿಯ ಅಂತಹದೇ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ರಜೆಗೆ ಊರಿಗೆ ಬಂದು, ಕಡಲೆ ರಾಶಿ ಮುಗಿದ ಸಂಜೆ ತಂದೆಯ ಮುಂದೆ ಒಂದು ಹಾಳೆಯನ್ನು ಇಡುತ್ತಾನೆ. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಎಂಟು ದಿನ. ಬೆಂಗಳೂರಿನಿಂದ ಅಲ್ಲಿಗೆ 2024ರಲ್ಲಿ ನೇರ ವಿಮಾನಯಾನವೂ ಆರಂಭವಾಗಿದೆ. ಹಾಳೆಯಲ್ಲಿ ಎಲ್ಲವೂ ಕ್ರಮವಾಗಿ ಇದೆ: 1,717 ಮೀಟರ್ ಎತ್ತರದ ಬಾತೂರ್ ಜ್ವಾಲಾಮುಖಿಯನ್ನು ಕತ್ತಲಿರುವಾಗಲೇ ಹತ್ತಿ ಸೂರ್ಯೋದಯ ನೋಡುವುದು, ಆಯುಂಗ್ ನದಿಯ ರಭಸದಲ್ಲಿ ರಬ್ಬರ್ ದೋಣಿ, ಕೆಸರು ದಾರಿಯಲ್ಲಿ ನಾಲ್ಕು ಚಕ್ರದ ಮೋಟಾರು ಬೈಕು, ನೂಸಾ ಪೆನಿಡಾ ದ್ವೀಪದ ಬಳಿ ಸಮುದ್ರದೊಳಗೆ ಧುಮುಕುವುದು, ಒಂದು ಕಾಫಿ ತೋಟದ ಭೇಟಿ. ಕೊನೆಯಲ್ಲಿ ದಪ್ಪ ಅಕ್ಷರಗಳಲ್ಲಿ, ಶುದ್ಧ ಜೈನ ಭೋಜನ, ಅಡುಗೆಯವರು ಜೊತೆಗೇ ಬರುತ್ತಾರೆ. ಮಗನಿಗೆ ಇದು ತಂದೆತಾಯಿಗೆ ಕೊಡುವ ಉಡುಗೊರೆ. ತಂದೆ ಹಾಳೆಯನ್ನು ಓದಿ ಮಡಿಚಿ, "ತಮ್ಮಾ, ನಾ ಹಾಕ್ಕೊಂಡ ಗೆರಿ ಐತಿ, ಅದನ್ನ ದಾಟಾಕ ಬರೂದಿಲ್ಲ" ಎನ್ನುತ್ತಾನೆ. ಮಗನ ಮುಖ ಬಾಡುತ್ತದೆ.

ಇಲ್ಲಿ ಯಾರು ಸರಿ ಎಂಬುದು ಮೇಲ್ನೋಟಕ್ಕೆ ಕಾಣುವಷ್ಟು ಸುಲಭದ ಪ್ರಶ್ನೆಯಲ್ಲ. ಮಗನ ಮನಸ್ಸನ್ನು ನೋಯಿಸುವುದೂ ಹಿಂಸೆಯೇ ಅಲ್ಲವೇ? ಜೈನಧರ್ಮ ಪ್ರವಾಸವನ್ನು ನಿಷೇಧಿಸಿದ ಧರ್ಮವೂ ಅಲ್ಲ. ಜೈನ ವರ್ತಕರು ಕಡಲು ದಾಟಿ ವ್ಯಾಪಾರ ಮಾಡಿದ ಕಥೆಗಳು ಪುರಾಣಗಳಲ್ಲಿ ಹೇರಳವಾಗಿವೆ. ಇಪ್ಪತ್ತನೆಯ ಶತಮಾನದಲ್ಲಿ ಪೂರ್ವ ಆಫ್ರಿಕೆಯಲ್ಲಿ ನೆಲೆಸಿದ ಜೈನರು ಮೊಂಬಾಸಾದಲ್ಲಿ ಜಿನಾಲಯವನ್ನೇ ಕಟ್ಟಿದರು. ದಿಗ್ವ್ರತ ಎಲ್ಲೆಯನ್ನು ಕೇಳುತ್ತದೆಯೇ ಹೊರತು ಆ ಎಲ್ಲೆ ಎಲ್ಲಿರಬೇಕೆಂದು ಹೇಳುವುದಿಲ್ಲ. ಸಮುದ್ರ, ನದಿ, ಅಡವಿ, ಬೆಟ್ಟ, ಜನಪದ, ಯೋಜನ, ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವ ಯಾವುದನ್ನಾದರೂ ಗಡಿಯಾಗಿ ಇಟ್ಟುಕೊಳ್ಳಬಹುದೆಂದು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಅದೇ ಗ್ರಂಥದಲ್ಲಿ ಅವರು ಹೇಳುವ ಇನ್ನೊಂದು ಮಾತು ಹೆಚ್ಚು ಗಹನವಾದುದು. ಎಲ್ಲೆಯೊಳಗೆ ಗೃಹಸ್ಥನು ಅಣುವ್ರತಿ ಮಾತ್ರ. ಉಳುಮೆ, ಅಡುಗೆ, ವ್ಯವಹಾರಗಳ ಹಿಂಸೆ ಅವನಿಗೆ ತಪ್ಪಿದ್ದಲ್ಲ. ಎಲ್ಲೆಯ ಹೊರಗಿನ ಜಗತ್ತಿಗೆ ಸಂಬಂಧಿಸಿದಂತೆ ಅವನ ಅಣುವ್ರತಗಳೇ ಮಹಾವ್ರತಗಳ ಸ್ವರೂಪವನ್ನು ಪಡೆಯುತ್ತವೆ. ಕಾಲಿಡದ ನೆಲದಲ್ಲಿ ಅವನಿಂದ ಸೂಕ್ಷ್ಮ ಪಾಪವೂ ಘಟಿಸುವುದಿಲ್ಲ. ಹೀಗೆ ನೋಡಿದಾಗ ನೇಸರಗಿಯ ಆ ಹಿರಿಯನು ಬಾಲಿ ದ್ವೀಪದಿಂದ ವಂಚಿತನಾಗಿಲ್ಲ. ಅದಕ್ಕೆ ಅವನು ಪೂರ್ಣ ಅಭಯವನ್ನು ಕೊಟ್ಟಿದ್ದಾನೆ. ಅಂಥ ದಾನವನ್ನು ಮಗನ ಸಂತೋಷಕ್ಕಾಗಿಯೂ ಹಿಂದಕ್ಕೆ ಪಡೆಯಲಾಗದು. ಎಲ್ಲೆಯನ್ನು ಲೋಭದಿಂದ ಹಿಗ್ಗಿಸಿಕೊಳ್ಳುವುದಕ್ಕೆ ಕ್ಷೇತ್ರವೃದ್ಧಿ ಎಂಬ ಅತಿಚಾರದ ಹೆಸರೇ ಇದೆ. ಪ್ರೀತಿಯಿಂದ ಬಂದ ಆಹ್ವಾನದಲ್ಲಿಯೂ ಲೋಭ ಅಡಗಿರಬಹುದು.

ಹಾಗೆಂದು ತಂದೆಯ ಗೆರೆ ಮಗನ ಗೆರೆಯಾಗುವುದಿಲ್ಲ. ವ್ರತವು ಸ್ವೀಕರಿಸಿದವನಿಗೆ ಮಾತ್ರ. ತಂದೆ ತನ್ನ ಮೌನದಿಂದ ಮನೆಯವರೆಲ್ಲರ ಪ್ರವಾಸವನ್ನು ಕೆಡಿಸಿದರೆ ಅದು ವ್ರತದ ಬಲವಲ್ಲ, ಮಾನಕಷಾಯದ ಬಲ. ಆದುದರಿಂದ ನಿಜವಾದ ಪ್ರಶ್ನೆ ಮಗನದು: ವ್ರತವಿಲ್ಲದ ಶ್ರಾವಕನು ಇಂತಹ ಪ್ರವಾಸವನ್ನು ಯೋಜಿಸುವಾಗ ಏನನ್ನು ಯೋಚಿಸಬೇಕು?

ಆಶ್ಚರ್ಯವೆಂದರೆ, ಅವನ ಹಾಳೆಗೆ ಬೇಕಾದ ವಿಂಗಡಣೆಯನ್ನು ಒಂದೂವರೆ ಸಾವಿರ ವರ್ಷಗಳ ಹಿಂದೆ ಇದೇ ಕರ್ನಾಟಕದ ಆಚಾರ್ಯ ಪೂಜ್ಯಪಾದರು ಮಾಡಿಟ್ಟಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತದ ಐದು ಅತಿಚಾರಗಳಿವೆ. ಮೊದಲ ಮೂರು ಊರ್ಧ್ವ, ಅಧಃ, ತಿರ್ಯಕ್ ವ್ಯತಿಕ್ರಮಗಳು. ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಪೂಜ್ಯಪಾದರು ಇವುಗಳಿಗೆ ಕೊಡುವ ಉದಾಹರಣೆಗಳು ಬೆಟ್ಟ ಹತ್ತುವುದು, ಬಾವಿಗೆ ಇಳಿಯುವುದು, ಬಿಲ ಗುಹೆಗಳನ್ನು ಹೊಗುವುದು. ಇಂದಿನ ಸಾಹಸ ಪ್ರವಾಸದ ಕರಪತ್ರದಲ್ಲಿ ಇರುವುದೂ ಈ ಮೂರೇ: ಮೇಲಕ್ಕೆ ಶಿಖರ, ಕೆಳಕ್ಕೆ ಸಾಗರ, ಅಡ್ಡಕ್ಕೆ ಕಾಡು ಮತ್ತು ಗುಹೆ. ರಸ್ತೆ ಮುಗಿಯುವಲ್ಲಿ ಈ ಪ್ರವಾಸ ಆರಂಭವಾಗುತ್ತದೆ. ಮನುಷ್ಯನು ಸಾಮಾನ್ಯವಾಗಿ ಹೋಗದಿರುವ ಕಾರಣಕ್ಕಾಗಿಯೇ ಉಳಿದುಕೊಂಡ ಜೀವಿಗಳ ನೆಲೆಗಳು ಅಲ್ಲಿರುತ್ತವೆ.

ಇದಕ್ಕೆ ಬಾಲಿಯವರೆಗೆ ಹೋಗಬೇಕಾಗಿಲ್ಲ. ಬೆಳಗಾವಿಯಿಂದ ಸಾವಂತವಾಡಿಯ ದಾರಿಯಲ್ಲಿರುವ ಅಂಬೋಲಿಗೆ ಮಳೆಗಾಲದ ರವಿವಾರಗಳಲ್ಲಿ ವಾಹನಗಳು ಸಾಲುಗಟ್ಟುತ್ತವೆ. ಅಲ್ಲಿಯ ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ, ಮೊದಲ ಮಳೆಯ ನೀರು ನಿಂತ ಪುಟ್ಟ ಕುಳಿಗಳಲ್ಲಿ ಮೊಟ್ಟೆಯಿಡುವ ಒಂದು ನೆಲಗಪ್ಪೆಯಿದೆ. ವಿಜ್ಞಾನಿಗಳು ಅದನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿದ್ದು 2009ರಲ್ಲಿ. ಅಂಬೋಲಿಯ ಸುತ್ತಣ ಸಣ್ಣ ಪ್ರದೇಶವೇ ಅದರ ನೆಲೆ. ಅದು ಜೋಡಿಗಾಗಿ ಹೊರಬರುವ ದಿನಗಳೂ ಜನರು ಜಲಪಾತ ನೋಡಲು ಬರುವ ದಿನಗಳೂ ಒಂದೇ. ಗಾಲಿಯಡಿ ಸಿಕ್ಕುವುದು ಯಾರ ಸಂಕಲ್ಪವೂ ಅಲ್ಲ. ಅಂಥದಕ್ಕೇ ಪ್ರಮಾದವೆಂಬ ಹೆಸರಿದೆ.

ಅಂಬೋಲಿಯಂತೆಯೇ ಘಟ್ಟದ ಮಳೆಗೆ ತೋಯುವ ಖಾನಾಪುರ ತಾಲೂಕಿನಲ್ಲಿ ಹಲಸಿ ಇದೆ. ಅದು ಕದಂಬರ ಪಲಾಸಿಕಾ. ಅಲ್ಲಿ ದೊರೆತ ರವಿವರ್ಮನ ತಾಮ್ರಶಾಸನವು, ಜಿನೇಂದ್ರನ ಅಷ್ಟಾಹ್ನಿಕ ಪೂಜೆಯ ಜೊತೆಗೆ ಮಳೆಗಾಲದ ನಾಲ್ಕು ತಿಂಗಳು ಯತಿಗಳ ನಿರ್ವಾಹಕ್ಕೆಂದು ಗ್ರಾಮದ ಆದಾಯವನ್ನು ಬಿಟ್ಟುಕೊಟ್ಟುದನ್ನು ಹೇಳುತ್ತದೆ. ನೆಲದ ಮೇಲೆ ಜೀವರಾಶಿ ತುಂಬಿ ತುಳುಕುವ ಕಾಲದಲ್ಲಿ ನಡೆಯುವವನು ನಿಲ್ಲಬೇಕು. ನಿಂತವನಿಗೆ ಊರು ಅನ್ನ ಕೊಡಬೇಕು. ಅದೇ ಸೀಮೆಗೆ ಇಂದು ಅದೇ ನಾಲ್ಕು ತಿಂಗಳಲ್ಲಿ ಅತ್ಯಧಿಕ ಜನ ಹೋಗುವುದು ವಿಪರ್ಯಾಸ. ಗೃಹಸ್ಥನಿಗೆ ಚಾತುರ್ಮಾಸದ ಕಟ್ಟುಪಾಡು ಇಲ್ಲವೆಂಬುದು ನಿಜ. ಆದರೂ ಪ್ರವಾಸದ ತಿಂಗಳನ್ನು ಗೊತ್ತುಮಾಡುವಾಗ ಅವನು ರಿಯಾಯಿತಿ ದರವನ್ನು ಮಾತ್ರ ನೋಡುವುದು ಶೋಭಿಸದು. ಥಾಯ್ಲೆಂಡಿನ ಮಾಯಾ ಕೊಲ್ಲಿಯ ಪ್ರಸಂಗ ಇಲ್ಲಿ ನೆನೆಯತಕ್ಕದ್ದು. ಒಂದು ಚಲನಚಿತ್ರದಿಂದ ಪ್ರಸಿದ್ಧವಾದ ಆ ಪುಟ್ಟ ಕಡಲತೀರಕ್ಕೆ ದಿನಕ್ಕೆ ಸಾವಿರಾರು ಜನ ಬಂದು, ದೋಣಿಗಳ ಲಂಗರು ಮತ್ತು ಈಜುವವರ ಕಾಲುಗಳಿಂದ ಹವಳ ನಾಶವಾಯಿತು. ಸರಕಾರ 2018ರ ಜೂನ್‌ನಲ್ಲಿ ಅದನ್ನು ಮುಚ್ಚಿತು. ಕೆಲವೇ ತಿಂಗಳುಗಳಲ್ಲಿ ಶಾರ್ಕ್ ಮೀನುಗಳು ಮರಳಿದವು. 2022ರ ಜನವರಿಯಲ್ಲಿ ಕಟ್ಟುನಿಟ್ಟಿನೊಡನೆ ತೆರೆದ ಮೇಲೂ ವರ್ಷಕ್ಕೆ ಎರಡು ತಿಂಗಳು, ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ, ಅಲ್ಲಿ ಪ್ರವೇಶ ನಿಲ್ಲಿಸುವ ಪದ್ಧತಿ ಬಂದಿತು. ವರ್ಷಾವಾಸದ ತತ್ತ್ವವನ್ನು ಅರಿಯದ ಒಂದು ಇಲಾಖೆ ಅನುಭವದಿಂದ ಅಲ್ಲಿಗೇ ಬಂದು ಮುಟ್ಟಿತು. ಹವಳವನ್ನು ಪ್ರಾಚೀನ ಗ್ರಂಥಗಳು ಪೃಥ್ವೀಕಾಯದಲ್ಲಿ ಎಣಿಸುತ್ತವೆ, ಇಂದಿನ ಪ್ರಾಣಿಶಾಸ್ತ್ರ ಅದನ್ನು ಸೂಕ್ಷ್ಮ ಪ್ರಾಣಿಗಳ ವಸಾಹತು ಎನ್ನುತ್ತದೆ. ಎರಡರ ಪ್ರಕಾರವೂ ಅದರ ಮೇಲೆ ಕಾಲೂರುವುದು ಜೀವದ ಮೇಲೆ ಕಾಲೂರುವುದೇ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಶಿಖರ್ಜಿಯನ್ನು ಹತ್ತುವುದೂ ಬೆಟ್ಟ ಹತ್ತುವುದೇ ಅಲ್ಲವೇ? ಹೌದು, ಸುಮಾರು ಇಪ್ಪತ್ತೇಳು ಕಿಲೋಮೀಟರಿನ ಆ ವಂದನೆ ಯಾವ ಸಾಹಸಯಾತ್ರೆಗೂ ಕಡಿಮೆಯದಲ್ಲ, ಅದೂ ಕತ್ತಲಿರುವಾಗಲೇ ಆರಂಭವಾಗುತ್ತದೆ. ವ್ಯತ್ಯಾಸವಿರುವುದು ಬೆಟ್ಟದಲ್ಲಲ್ಲ, ಹತ್ತುವವನ ಭಾವದಲ್ಲಿ. ಅದನ್ನು ಜೈನ ಸಮಾಜವೇ ಸ್ಪಷ್ಟವಾಗಿ ಹೇಳಿದೆ. ಪಾರಸನಾಥ ಬೆಟ್ಟದ ಸುತ್ತಲಿನ ಪರಿಸರಸೂಕ್ಷ್ಮ ವಲಯದಲ್ಲಿ ಪ್ರವಾಸೋದ್ಯಮಕ್ಕೆ ಅವಕಾಶವಿತ್ತ 2019ರ ಆಗಸ್ಟ್ ಅಧಿಸೂಚನೆಯ ವಿರುದ್ಧ ದೇಶದಾದ್ಯಂತ ಮೆರವಣಿಗೆಗಳು ನಡೆದು, ಕೇಂದ್ರ ಸರಕಾರ 2023ರ ಜನವರಿ 5ರಂದು ಆ ಚಟುವಟಿಕೆಗಳಿಗೆ ತಡೆ ನೀಡಿತು. ಅದೇ ವರ್ಷದ ನಡುವಿನಲ್ಲಿ ಬಾಲಿಯ ಗವರ್ನರ್, ದ್ವೀಪದ ಪರ್ವತಗಳು ಪವಿತ್ರ, ಪ್ರವಾಸಿಗರ ವರ್ತನೆ ಅವುಗಳಿಗೆ ಅಪಚಾರ ತಂದಿದೆ ಎಂದು ಹೇಳಿ 22 ಪರ್ವತಗಳ ಮೇಲೆ ಪ್ರವಾಸಿಗರ ಆರೋಹಣವನ್ನು ನಿಷೇಧಿಸುವ ವಿಚಾರವನ್ನು ಪ್ರಕಟಿಸಿದರು. ಮಾರ್ಗದರ್ಶಕರ ಹೊಟ್ಟೆಪಾಡಿನ ಪ್ರಶ್ನೆ ಎದ್ದಿತು, ಆರೋಹಣ ಮುಂದುವರಿಯಿತು. ಜನವರಿಯಲ್ಲಿ ಶಿಖರ್ಜಿಗಾಗಿ ಬೀದಿಗಿಳಿದ ಮನೆಯಿಂದಲೇ ಮುಂದೆ ಬಾತೂರ್ ಹತ್ತಲು ಟಿಕೆಟು ತೆಗೆಯುವುದಾದರೆ, ಅಲ್ಲಿಯ ಜನರ ಪಾವಿತ್ರ್ಯಕ್ಕೆ ತನ್ನ ಪಾವಿತ್ರ್ಯದಷ್ಟು ಬೆಲೆ ಕೊಟ್ಟಿರುವೆನೇ ಎಂದು ಆ ಮನೆ ಕೇಳಿಕೊಳ್ಳಬೇಕಾಗುತ್ತದೆ. ಅನೇಕಾಂತವನ್ನು ವೇದಿಕೆಯ ಮೇಲೆ ಹೊಗಳುವುದಕ್ಕಿಂತ ಇದು ಕಷ್ಟದ ಕೆಲಸ.

ಇನ್ನು ಶುದ್ಧ ಜೈನ ಭೋಜನದ ವಿಷಯ. ಗೆಡ್ಡೆಗೆಣಸಿಲ್ಲದ ಊಟ, ಸೂರ್ಯಾಸ್ತಕ್ಕೆ ಮೊದಲಿನ ಪಂಕ್ತಿ, ಸೋಸಿದ ನೀರು ಇವು ಅವಶ್ಯವೇ. ಆದರೆ ಎಲೆಯ ಮೇಲಿನ ಶುದ್ಧಿ ಉಳಿದ ಇಪ್ಪತ್ತು ತಾಸುಗಳಿಗೆ ಪರವಾನಗಿಯಾಗಬಾರದು. ಹಾಳೆಯಲ್ಲಿರುವ ಕಾಫಿ ತೋಟದ ಭೇಟಿಯನ್ನೇ ನೋಡಬಹುದು. ಅಲ್ಲಿಯ ಪ್ರಸಿದ್ಧ ಲುವಾಕ್ ಕಾಫಿಯು ಪುನುಗುಬೆಕ್ಕು ತಿಂದು ಹೊರಹಾಕಿದ ಬೀಜಗಳಿಂದ ಆಗುವಂಥದು. ಕಾಡಿನಲ್ಲಿ ಸಿಕ್ಕಿದ್ದನ್ನು ಆಯ್ದುಕೊಳ್ಳುವುದು ಮೊದಲಿನ ಕ್ರಮ. ಬೇಡಿಕೆ ಏರಿದಂತೆ ಆ ರಾತ್ರಿಂಚರ ಪ್ರಾಣಿಯನ್ನು ಇಕ್ಕಟ್ಟಾದ ತಂತಿಯ ಪಂಜರಗಳಲ್ಲಿಟ್ಟು ಕಾಫಿ ಹಣ್ಣನ್ನೇ ತಿನ್ನಿಸುವುದು ರೂಢಿಗೆ ಬಂದಿತು. ಕಾಫಿಯನ್ನು ಕುಡಿಯದೆ, ಪಂಜರದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಬಂದರೂ ಪಂಜರದ ಬಾಡಿಗೆಯಲ್ಲಿ ಪಾಲು ಕೊಟ್ಟಂತಾಗುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧನವೂ ಒಂದೆಂಬುದನ್ನು ಮರೆಯಲಾಗದು.

ಸಾಹಸವೆಂಬ ಶಬ್ದವೇ ವಿಚಿತ್ರವಾದುದು. ಹಳೆಯ ಧರ್ಮಶಾಸ್ತ್ರಗಳಲ್ಲಿ ಅದು ಬಲಾತ್ಕಾರದಿಂದ ಎಸಗಿದ ಅಪರಾಧದ ಹೆಸರು. ಮುದುವೊಳಲಿನ ಜೈನಕವಿ ರನ್ನನ ಕೈಯಲ್ಲಿ ಅದು ವೀರಗುಣವಾಗಿ, ಅವನ ಗದಾಯುದ್ಧಕ್ಕೆ ಸಾಹಸಭೀಮವಿಜಯವೆಂಬ ಹೆಸರಾಯಿತು. ಎರಡು ಅರ್ಥಗಳೂ ಇಂದಿನ ಪ್ರವಾಸದಲ್ಲಿ ಬೆರೆತಿವೆ. ತನ್ನ ಕಾಲಿನಿಂದ ನಡೆದು, ತನ್ನ ಉಸಿರಿನ ಮಿತಿಯನ್ನು ಅರಿತು, ಹಸಿವು ಚಳಿಗಳನ್ನು ತಾಳಿ ಬೆಟ್ಟ ಏರುವ ಯುವಕನಲ್ಲಿ ಪರೀಷಹಜಯದ ಒಂದು ನೆರಳಾದರೂ ಇದೆ. ಅದನ್ನು ಅನರ್ಥವೆಂದು ತಳ್ಳಿಹಾಕುವುದು ಕಠೋರವಾದೀತು. ಗದ್ದೆಯಂಚಿನ ಕೆಸರಿನಲ್ಲಿ ಯಂತ್ರವನ್ನು ಗರ್ಜಿಸುತ್ತ ಓಡಿಸುವವನಲ್ಲಿ ಅಂಥದೇನೂ ಇಲ್ಲ. ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಕಲಕುವುದು, ಸಸ್ಯ ಮುರಿಯುವುದು, ತಾನು ಸುತ್ತುವುದು, ಇತರರನ್ನು ಸುತ್ತಿಸುವುದು, ಇವೆಲ್ಲ ಪ್ರಮಾದಚರ್ಯೆಯೆಂದು ಸಮಂತಭದ್ರರು ಎಣಿಸುತ್ತಾರೆ. ತಾನು ಸುತ್ತುವುದಷ್ಟೇ ಅಲ್ಲ, ಇತರರನ್ನು ಸುತ್ತಿಸುವುದೂ ಆ ಎಣಿಕೆಯಲ್ಲಿರುವುದನ್ನು ಕುಟುಂಬದ ಪರವಾಗಿ ಹಣ ಕಟ್ಟುವವನು ಗಮನಿಸಬೇಕು.

ಮಗನು ಹೋಗಬಹುದು. ಹೋಗುವ ಎಂಟು ದಿನಗಳಿಗೆ ದೇಶಾವಕಾಶಿಕದ ದಾರಿ ಅವನಿಗೆ ತೆರೆದಿದೆ: ಇಂತಿಷ್ಟು ಕಾಲ, ಇಂತಿಷ್ಟು ಕ್ಷೇತ್ರ ಎಂಬ ತಾತ್ಕಾಲಿಕ ಎಲ್ಲೆ. ಯಂತ್ರದ ಬೈಕಿನ ದಿನವನ್ನೂ ಪಂಜರದ ತೋಟವನ್ನೂ ಹಾಳೆಯಿಂದ ಹೊಡೆದುಹಾಕಿ, ಸಮುದ್ರದಲ್ಲಿ ತಳ ಮುಟ್ಟದಷ್ಟು ಆಳವನ್ನು ಮಾತ್ರ ಇಟ್ಟುಕೊಂಡು, ಬೆಟ್ಟವನ್ನು ಬೆಳಕು ಹರಿದ ಮೇಲೆ ಕಣ್ಣಿಗೆ ನೆಲ ಕಾಣುವಾಗ ಹತ್ತುವುದಾದರೆ ಸೂರ್ಯೋದಯದ ಒಂದು ಚಿತ್ರ ತಪ್ಪುತ್ತದೆ, ಅಷ್ಟೇ. ತಂದೆ ನೇಸರಗಿಯಲ್ಲಿ ಕುಳಿತು ಮೊಬೈಲಿನಲ್ಲಿ ಮೊಮ್ಮಗನ ಮುಖವನ್ನು ನೋಡಿದರೆ ವ್ರತಕ್ಕೆ ಭಂಗವೇ ಎಂದು ಯಾರಾದರೂ ಕೇಳಬಹುದು. ದೇಶವ್ರತದ ಅತಿಚಾರಗಳಲ್ಲಿ ಎಲ್ಲೆಯಾಚೆಗೆ ದನಿ ಕೇಳಿಸುವುದು, ರೂಪ ತೋರಿಸುವುದು ಸೇರಿವೆಯೆಂಬುದು ದಿಟ. ಅವು ಎಲ್ಲೆಯ ಹೊರಗಿನ ಕೆಲಸವನ್ನು ಸಂಜ್ಞೆಯಿಂದ ಸಾಧಿಸಿಕೊಳ್ಳುವವನಿಗೆ ಹೇಳಿದ ಮಾತುಗಳು. ಮೊಮ್ಮಗನನ್ನು ಹರಸುವ ಅಜ್ಜನಿಗಲ್ಲ. ಬರುವಾಗ ಅಲ್ಲಿಯದೇನಾದರೂ ತಾ ಎಂದು ಹೇಳಿದರೆ ಮಾತು ಬೇರೆ.

ಐದನೆಯ ಅತಿಚಾರ ಸ್ಮೃತ್ಯಂತರಾಧಾನ, ಹಾಕಿಕೊಂಡ ಎಲ್ಲೆಯನ್ನು ಮರೆಯುವುದು. ಮನೆಯಲ್ಲಿ ಕುಳಿತಿರುವವನಿಗಿಂತ ಪ್ರವಾಸಿಗೆ ಇದರ ಭಯ ಹೆಚ್ಚು. ಆದುದರಿಂದ ಎಲ್ಲೆಯನ್ನು ಬರೆದಿಡುವುದು ಲೇಸು, ಪಾಸ್‌ಪೋರ್ಟ್ ಸಂಖ್ಯೆ ಬರೆದಿಟ್ಟ ಅದೇ ಹಾಳೆಯ ಬೆನ್ನಿನ ಮೇಲೆ. ಕರಪತ್ರದಲ್ಲಿಲ್ಲದ ಇನ್ನೊಂದು ಗುಹೆ ಇದೆ, ಸ್ವಲ್ಪ ಹೆಚ್ಚು ಹಣವಾಗುತ್ತದೆ, ಬೇರೆಯವರು ಯಾರೂ ನೋಡಿಲ್ಲ ಎಂದು ಮಾರ್ಗದರ್ಶಕ ಹೇಳುವುದು ಏಳನೆಯ ದಿನದ ಸಂಜೆ, ಆ ಹಾಳೆ ಚೀಲದ ತಳ ಸೇರಿರುವಾಗ.